ಸರದಿಯ ಎಚ್ಚರ



ಭಾರತೀಯ ನೌಕಾದಳದ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಮಹಿಳಾ ಅಧಿಕಾರಿಗಳು 2024ರ ಅಕ್ಟೋಬರ್ 2ರಂದು ‘ತಾರಿಣಿ’ ಎಂಬ 56 ಅಡಿಯ ಹಾಯಿದೋಣಿಯಲ್ಲಿ ಗೋವೆಯಿಂದ ಹೊರಟು, ಭೂಮಂಡಲವನ್ನು ಸುತ್ತಿ 2025ರ ಮೇ 29ರಂದು ಮರಳಿದರು. ಹಾಯಿ, ಹಗ್ಗ, ಚುಕ್ಕಾಣಿ, ಅಡುಗೆ ಎಲ್ಲವೂ ಇವರಿಬ್ಬರದೇ. ಒಬ್ಬರು ಮಲಗಿದಾಗ ಇನ್ನೊಬ್ಬರು ಎಚ್ಚರ. ಪೆಸಿಫಿಕ್ ಸಾಗರದ ನೆಮೋ ಬಿಂದುವಿಗೆ ಅತಿ ಸಮೀಪದ ನೆಲವೇ ಸುಮಾರು 2,688 ಕಿ.ಮೀ. ದೂರ. ಅದನ್ನು ದಾಟುವಾಗಲೂ ಸರದಿ ತಪ್ಪುವಂತಿರಲಿಲ್ಲ.

“ಆಚಾರ್ಯರೇ, ದೆಹಲಿಯಲ್ಲಿ ಅನುಷ್ಠಾನಕ್ಕೆ ಸಮಯವೆಲ್ಲಿ? ಇಬ್ಬರೂ ಉದ್ಯೋಗಸ್ಥರು, ನೋಯ್ಡಾ, ಗುರುಗ್ರಾಮಗಳಿಗೆ ಹೋಗಿಬರುವುದರಲ್ಲೇ ದಿನ ಕಳೆಯುತ್ತದೆ” ಎನ್ನುವವರುಂಟು. ಕಷ್ಟ ನಿಜ. ಆದರೆ ಸಂಸಾರಸಾಗರದಲ್ಲಿ ನಮ್ಮ ಮನೆಯೂ ಚಿಕ್ಕ ದೋಣಿಯೇ. ಒಟ್ಟಿಗೆ ಕೂಡಲಾಗದಿದ್ದರೆ ಸರದಿಯಾಗಲಿ: ಬೆಳಿಗ್ಗೆ ಒಬ್ಬರು ದೇವರ ಮುಂದೆ ದೀಪ ಹಚ್ಚಲಿ, ರಾತ್ರಿ ಮತ್ತೊಬ್ಬರು ಮಕ್ಕಳಿಗೆ ಹರಿಕಥೆ ಹೇಳಲಿ. ಇಬ್ಬರೂ ಒಮ್ಮೆಗೇ ನಿದ್ರಿಸಬಾರದು, ಅಷ್ಟೆ.

ಮಲ್ಪೆಯ ಕಡಲಲ್ಲಿ ಬಿರುಗಾಳಿಗೆ ಸಿಕ್ಕ ಹಡಗನ್ನು ಶ್ರೀಮದಾಚಾರ್ಯರು ದಡ ಸೇರಿಸಿದ ಕಥೆ ತಮಗೆ ತಿಳಿದದ್ದೇ. ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗೆ ಶ್ರೀಕೃಷ್ಣನೇ ಇದ್ದನು. ತಾವು ಹೊತ್ತು ತರುತ್ತಿರುವುದು ಯಾರನ್ನೆಂಬ ಅರಿವು ಆ ನಾವಿಕರಿಗಿರಲಿಲ್ಲ. ನಮಗೆ ಆ ಅರಿವುಂಟು, ಎಚ್ಚರ ತಪ್ಪದಿರೋಣ.

ಶ್ರೀಕೃಷ್ಣಾರ್ಪಣಮಸ್ತು.