ಕೊಂಬಿಗೆ ಬಣ್ಣ, ಗೋಡೆಗೆ ಬಣ್ಣ

ಬೆಂಗಳೂರಿನ ನಮ್ಮ ಫ್ಲ್ಯಾಟ್ ಮಾರೋಣ ಅಂತ ತೀರ್ಮಾನಿಸಿದಾಗ ಬ್ರೋಕರ್ ಬಂದು ಒಂದು ಸುತ್ತು ಹಾಕಿ ಹೇಳಿದ, 'ಸಾರ್, ಇಲ್ಲಿ ನೀವಿದೀರ ಅಂತ ಗೊತ್ತಾಗಬಾರದು. ಬಂದೋರಿಗೆ ಇದು ತಮ್ಮದೇ ಮನೆ ಅನ್ನಿಸಬೇಕು.' ಸರಿ, ಫ್ಯಾಮಿಲಿ ಫೋಟೋ ಇಳಿಸಿದೆವು. ಬಾಲ್ಕನಿಯ ಹಳೇ ಸೈಕಲ್, ಬಾಗಿಲ ಹಿಂದೆ ನೇತಾಡುತ್ತಿದ್ದ ಬಟ್ಟೆ ಎಲ್ಲ ಮಾಯವಾದವು. ಮಂಕು ಬಲ್ಬ್ ತೆಗೆದು ಒಳ್ಳೇ ಎಲ್‌ಇಡಿ ಹಾಕಿದೆವು. 'ನಾವಿದ್ದಾಗ ಯಾಕೆ ಹೀಗೆ ಇಟ್ಕೊಂಡಿರಲಿಲ್ಲ?' ಅಂದಳು ಹೆಂಡತಿ.

ಆಮೇಲೆ ಬಂತು ಮಗಳ ರೂಮು. ಮಳೆ ಜೋರಾದರೆ ಹೊರಗಿನಿಂದ ನೀರು ಜಿನುಗಿ ಅಲ್ಲಿನ ಒಂದು ಗೋಡೆ ತೇವವಾಗುತ್ತೆ. ಆಗ ಮಾರ್ಚ್, ಗೋಡೆ ಒಣಗಿತ್ತು. 'ಪುಟ್ಟಿ ಹಾಕಿ ಪೇಂಟ್ ಹೊಡೆಸಿ, ವಾರ್ಡ್‌ರೋಬ್ ಅಡ್ಡ ಇಡಿ. ಕೊಳ್ಳೋರು ತಾವೇ ನೋಡ್ಕೋಬೇಕಪ್ಪ' ಅಂದ ಬ್ರೋಕರ್. ಇಟ್ಟೆ. ಎರಡು ಕುಟುಂಬಗಳು ನೋಡಿ ಹೋದವು. ನಾನು ಬಾಯಿ ಬಿಡಲಿಲ್ಲ.

ಆ ರಾತ್ರಿ ಅಪ್ಪ ನೆನಪಾದರು. ಘಾಟಿ ಸುಬ್ರಹ್ಮಣ್ಯ ಜಾತ್ರೆಗೆ ಎತ್ತು ಮಾರೋಕೆ ಹೊರಟಾಗ ಅವರೂ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಗೆಜ್ಜೆ ಕಟ್ಟುತ್ತಿದ್ದರು. ಅದೂ ಅಲಂಕಾರವೇ. ಆದರೆ ಒಂದು ವರ್ಷ, ಟವಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡೋ ಮೊದಲೇ, 'ಎಡಗಡೇದು ಬಿಸಿಲೇರಿದ್ರೆ ಮಲಗಿಬಿಡುತ್ತೆ, ನೋಡ್ಕೊ' ಅಂದಿದ್ದರು.

ಹಾಗಾದರೆ ಅಲಂಕಾರ ಎಲ್ಲಿ ಮುಗಿದು ಮೋಸ ಎಲ್ಲಿ ಶುರುವಾಗುತ್ತೆ? ನನಗೆ ಹೊಳೆದ ಪರೀಕ್ಷೆ ಸರಳ. ಯಾಕೆ ಮಾಡಿದೆ ಅಂತ ಕೊಳ್ಳುವವರಿಗೆ ಹೇಳಿಬಿಟ್ಟರೆ ಅದು ಆಮೇಲೂ ಕೆಲಸ ಮಾಡುತ್ತಾ? ಕೊಂಬಿನ ಬಣ್ಣ ಜಾತ್ರೆಗೆ ಹಚ್ಚಿದ್ದು ಅಂತ ಎಲ್ಲರಿಗೂ ಗೊತ್ತು, ಆದರೂ ಚೆಂದ. ಎಲ್‌ಇಡಿಯೂ ಅಷ್ಟೇ. ವಾರ್ಡ್‌ರೋಬ್ ಯಾಕಿಟ್ಟೆ ಅಂತ ಹೇಳಿದ ಕ್ಷಣ ಅದರ ಆಟ ಮುಗೀತು.

ಕಾನೂನೂ ಬ್ರೋಕರ್ ಪರ ಇಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾರುವವನಿಗೆ ಗೊತ್ತಿದ್ದು ಕೊಳ್ಳುವವನ ಸಾಮಾನ್ಯ ಎಚ್ಚರಿಕೆಗೆ ಸಿಗದ ಮುಖ್ಯ ದೋಷವನ್ನು ಮಾರುವವನೇ ತಿಳಿಸಬೇಕು. ಆದರೆ ನನ್ನನ್ನು ಚುಚ್ಚಿದ್ದು ಕಾನೂನಲ್ಲ. ಆರು ವರ್ಷದ ಹಿಂದೆ ಈ ಮನೆ ನೋಡೋಕೆ ನಾನು ಬಂದಾಗ ಅದೇ ಗೋಡೆಗೆ ಒಂದು ದೊಡ್ಡ ಪುಸ್ತಕದ ಕಪಾಟು ಒರಗಿತ್ತು. ಎಷ್ಟು ಓದ್ತಾರೆ ಇವರು ಅಂತ ಮೆಚ್ಚಿಕೊಂಡಿದ್ದೆ! ಮೊದಲ ಮಳೆಗೆ ಎಲ್ಲ ಅರ್ಥವಾಯ್ತು. ಈಗ ಅದೇ ಮೋಸವನ್ನು, ಇಪ್ಪತ್ತು ವರ್ಷದ ಇಎಂಐ ಹೊರಲಿರುವ ಇನ್ಯಾರಿಗೋ ದಾಟಿಸಲು ಹೊರಟಿದ್ದೆ.

ಮೂರನೆಯವರು ಬರುವ ಮುಂಚೆ ವಾರ್ಡ್‌ರೋಬ್ ಸರಿಸಿದೆ. ಹೇಳಿದೆ. ಅವರು ಗೋಡೆ ಮುಟ್ಟಿ ನೋಡಿ, ರಿಪೇರಿ ಲೆಕ್ಕ ಹಾಕಿ, ಒಂದೂವರೆ ಲಕ್ಷ ಕಡಿಮೆ ಮಾಡಿ ಅಂದರು. ಮಾಡಿದೆ. ಹೊಟ್ಟೆ ಉರೀಲಿಲ್ಲ ಅಂದರೆ ಸುಳ್ಳಾಗುತ್ತೆ. ಆದರೆ ಈ ಜೂನ್‌ನಲ್ಲಿ ಮಳೆ ಸುರಿದಾಗ ಆ ಗೋಡೆ ನೆನಪಾಯ್ತು, ಫೋನ್ ಬರುತ್ತೇನೋ ಅನ್ನೋ ಭಯ ಮಾತ್ರ ಇರಲಿಲ್ಲ.