ಹೆರಿಗೆಯ ನಂತರ ಕೆಲಸಕ್ಕೆ ಮರಳುವ ಹಕ್ಕು: ದಯೆಯೋ, ಋಣವೋ?

ಹೆರಿಗೆ ರಜೆ ಮುಗಿಸಿ ಬರುವ ಮಹಿಳೆಗೆ ಅವಳ ಹುದ್ದೆ, ಸಂಬಳ ಹಾಗೂ ಸೇವಾಹಿರಿತನಗಳು ಕುಂದಿಲ್ಲದೆ ದೊರೆಯಬೇಕೆಂಬುದನ್ನು ಕಾರ್ಮಿಕ ಕಾನೂನಿನ ವಿಷಯವೆಂದಷ್ಟೇ ಭಾವಿಸುವುದು ರೂಢಿಯಾದರೂ, ಅದರ ತಳದಲ್ಲಿರುವುದು ಒಂದು ಧರ್ಮಜಿಜ್ಞಾಸೆ: ಈ ರಕ್ಷಣೆಯು ಮಾಲೀಕನು ತೋರುವ ದಯೆಯೋ, ಸಮಾಜವು ತೀರಿಸಲೇಬೇಕಾದ ಋಣವೋ? ದಯೆಯಾದರೆ ಕೊಟ್ಟವನು ಅದನ್ನು ಹಿಂತೆಗೆದುಕೊಳ್ಳಬಹುದು. ಋಣವಾದರೆ ಕೇಳುವವಳು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಮನುಷ್ಯನು ದೇವತೆಗಳಿಗೆ, ಋಷಿಗಳಿಗೆ ಮತ್ತು ಪಿತೃಗಳಿಗೆ ಸಲ್ಲಬೇಕಾದ ಮೂರು ಋಣಗಳೊಡನೆ ಹುಟ್ಟುತ್ತಾನೆಂದು ವೈದಿಕ ಪರಂಪರೆ ಹೇಳುತ್ತದೆ. ಯಜ್ಞದಿಂದ ಮೊದಲನೆಯದೂ, ಅಧ್ಯಯನದಿಂದ ಎರಡನೆಯದೂ, ಸಂತಾನದಿಂದ ಮೂರನೆಯದೂ ತೀರುತ್ತವೆ. ಆದರೆ ಪಿತೃಋಣದಿಂದ ಬಿಡುಗಡೆ ಪಡೆಯುವವನು ಗೃಹಸ್ಥನಾದರೂ ಅದಕ್ಕಾಗಿ ದೇಹವನ್ನೇ ತೆತ್ತವಳು ಸ್ತ್ರೀ ಎಂಬುದನ್ನೂ, ಆದುದರಿಂದ ಕುಲವೂ ಸಮಾಜವೂ ಅವಳಿಗೆ ಋಣಿಗಳೆಂಬುದನ್ನೂ ಆ ಲೆಕ್ಕ ಒಳಗೊಳ್ಳಲಿಲ್ಲ. ಜೀವನೋಪಾಯದ ದುಡಿಮೆಯನ್ನೇ ಪೂಜೆಯೆಂದು ಬಗೆಯುವ ಕಾಯಕತತ್ತ್ವವನ್ನು ಮುಂದಿಟ್ಟ ಹನ್ನೆರಡನೆಯ ಶತಮಾನದ ಶರಣರಲ್ಲಿ ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆಯರಂಥವರು ತಮ್ಮ ಕಾಯಕದಿಂದಲೇ ಹೆಸರಾದರು. ಕಾಯಕವು ಸ್ತ್ರೀಗೂ ಸಾಧನೆಯ ದಾರಿಯೆಂದು ಒಪ್ಪಿದ ಮೇಲೆ, ತಾಯಿಯಾದ ಕಾರಣಕ್ಕೆ ಅದನ್ನು ಅವಳಿಂದ ಕಿತ್ತುಕೊಳ್ಳುವುದು ಆರ್ಥಿಕ ನಷ್ಟವಷ್ಟೇ ಆಗದೆ ಅಧರ್ಮವೂ ಆಗುತ್ತದೆ.

ಭಾರತದ ಕಾನೂನು ಈ ಋಣವನ್ನು ಅರ್ಧದಷ್ಟು ಮಾತ್ರ ಗುರುತಿಸಿದೆ. ಹೆರಿಗೆಗಾಗಿ ಗೈರಾದವಳನ್ನು ಆ ಕಾರಣಕ್ಕೆ ವಜಾಗೊಳಿಸುವುದನ್ನೂ, ಅವಳ ಸೇವಾ ಷರತ್ತುಗಳನ್ನು ಅವಳಿಗೆ ಹಾನಿಯಾಗುವಂತೆ ಬದಲಿಸುವುದನ್ನೂ 1961ರ ಹೆರಿಗೆ ಸೌಲಭ್ಯ ಕಾಯ್ದೆ ನಿಷೇಧಿಸಿತು. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ಸೌಲಭ್ಯ ಕಲ್ಪಿಸಬೇಕೆಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ರಕ್ಷಣೆಗಳನ್ನು ಉಳಿಸಿಕೊಂಡಿದೆ. ಆದರೆ ಮರಳಿ ಬಂದವಳಿಗೆ ಅದೇ ಹುದ್ದೆಯನ್ನು, ಇಲ್ಲವೇ ಅದೇ ಸಂಬಳದ ಸಮಾನ ಹುದ್ದೆಯನ್ನು ಕೊಡಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ನೇ ಇಸವಿಯ ಒಡಂಬಡಿಕೆ ನೇರವಾಗಿ ಹೇಳುವಂತೆ ನಮ್ಮ ಶಾಸನ ಹೇಳುವುದಿಲ್ಲ. ಆ ಒಡಂಬಡಿಕೆಯನ್ನು ಭಾರತ ಅನುಮೋದಿಸಿಯೂ ಇಲ್ಲ. ಹೀಗಾಗಿ ಸಂಬಳ ಕಡಿಮೆಯಾಗದಿದ್ದರೂ ಹೊಣೆಗಾರಿಕೆ ಬೇರೆಯವರ ಪಾಲಾಗುವಾಗ, ಅದು ಹಾನಿಯೇ ಎಂಬುದನ್ನು ಸಾಬೀತುಪಡಿಸುವ ಭಾರ ಕೂಸು ಹೊತ್ತ ತಾಯಿಯ ಮೇಲೆಯೇ ಬೀಳುತ್ತದೆ.

ಇಲ್ಲಿ ಮಾಲೀಕರ ಕಡೆಯ ಆಕ್ಷೇಪವೊಂದನ್ನು ಗಂಭೀರವಾಗಿ ಪರಿಗಣಿಸಬೇಕು: ಋಣ ಇಡೀ ಸಮಾಜದ್ದಾದರೆ ರಜೆಯ ಸಂಬಳವನ್ನು ಒಬ್ಬ ಉದ್ಯೋಗದಾತನೇ ಏಕೆ ತೆರಬೇಕು? ಈ ಆಕ್ಷೇಪದಲ್ಲಿ ಹುರುಳಿದೆ, ಏಕೆಂದರೆ ವೆಚ್ಚವೆಲ್ಲ ತನ್ನ ಮೇಲೆ ಬೀಳುತ್ತದೆಂದು ತಿಳಿದವನು ಮಹಿಳೆಯರನ್ನು ನೇಮಿಸಿಕೊಳ್ಳಲಿಕ್ಕೇ ಹಿಂಜರಿಯುವ ಅಪಾಯವಿದೆ. ಕಾರ್ಖಾನೆಯ ಹೆಂಗಸರಿಗೆ ಹೆರಿಗೆ ಸೌಲಭ್ಯ ನೀಡುವ ಮಸೂದೆಯನ್ನು 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಬೆಂಬಲಿಸಿದ ಅಂಬೇಡ್ಕರ್, ತಾಯಿಯ ವಿಶ್ರಾಂತಿ ರಾಷ್ಟ್ರದ ಹಿತಕ್ಕೇ ಆಗಿರುವುದರಿಂದ ಅದರ ಭಾರವನ್ನು ಬಹುಪಾಲು ಸರ್ಕಾರವೇ ಹೊರಬೇಕೆಂದು ವಾದಿಸಿದ್ದರು. ಮಾಲೀಕರೂ ನೌಕರರೂ ವಂತಿಗೆ ಕಟ್ಟುವ ನಿಧಿಯಿಂದ ಹೆರಿಗೆ ಭತ್ಯೆ ಕೊಡುವ ಇಎಸ್‌ಐ ಯೋಜನೆಯಲ್ಲಿ ಭಾರವನ್ನು ಹಂಚಿಕೊಳ್ಳುವ ಮಾದರಿ ಇದೆ. ಉದ್ಯೋಗ ಖಾತರಿ ಕೂಲಿಕಾರರ ಮಕ್ಕಳಿಗಾಗಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ಗಳಲ್ಲಿ ಶಿಶುಪಾಲನೆಯ ಹೊಣೆಯನ್ನು ಸಾರ್ವಜನಿಕ ವ್ಯವಸ್ಥೆಯೇ ವಹಿಸಿಕೊಂಡಿದೆ. ಆದರೆ ಭಾರವನ್ನು ಹಂಚಬೇಕೆಂಬ ವಾದವು ತಾಯಿಯ ಹಕ್ಕನ್ನು ಮೊಟಕುಗೊಳಿಸುವ ವಾದವಾಗಲಾರದು. ಸಾಲಗಾರರು ತಮ್ಮೊಳಗೆ ಪಾಲು ಗೊತ್ತುಮಾಡಿಕೊಳ್ಳುವವರೆಗೆ ಸಾಲ ಕೊಟ್ಟವರು ಕಾದಿರಬೇಕೆಂದು ಯಾವ ನ್ಯಾಯವೂ ವಿಧಿಸುವುದಿಲ್ಲ.

ತಾಯಿಯನ್ನು ದೈವವೆಂದು ಕಾಣಬೇಕೆಂದು ತೈತ್ತಿರೀಯ ಉಪನಿಷತ್ತು ವಿದ್ಯಾರ್ಥಿಗೆ ಬೋಧಿಸುತ್ತದೆ. ಆ ಬೋಧನೆಯನ್ನು ಹೆಮ್ಮೆಯಿಂದ ನೆನೆಯುವ ಸಮಾಜವು, ರಜೆಗೆ ಹೋಗುವಾಗ ಅವಳಿಗಿದ್ದ ಹುದ್ದೆ ಮತ್ತು ಹೊಣೆ ಎರಡೂ ಮರಳಿದಾಗಲೂ ಅವಳವೇ ಎಂದು ಶಾಸನದಲ್ಲಿ ಸ್ಪಷ್ಟವಾಗಿ ಬರೆದು, ಅದರ ವೆಚ್ಚವನ್ನು ಎಲ್ಲರೂ ಸೇರಿ ಭರಿಸಿದಾಗ ಮಾತ್ರ, ಪೂಜೆಯ ಹೆಸರಿನಲ್ಲಿ ಋಣವನ್ನು ಮರೆಸುವ ದೋಷದಿಂದ ಪಾರಾಗುತ್ತದೆ.