ಕಚ್ಚಿದ ಮೇಲೆ ನಾಯಿ ಯಾರದು?



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲೂಕುಗಳ ಯಾವ ಊರಿಗೆ ಹೋದರೂ ಅಂಗಳದಲ್ಲಿ ಒಂದು ನಾಯಿ ಮಲಗಿರುತ್ತದೆ. ರಾತ್ರಿ ಕಣ ಕಾಯುತ್ತದೆ, ಮಿಕ್ಕ ರೊಟ್ಟಿ ತಿನ್ನುತ್ತದೆ. "ನಮ್ಮ ನಾಯಿರಿ, ಭಾಳ ಹುಷಾರೈತಿ" ಎಂದು ಮನೆಯವರು ಹೆಮ್ಮೆಯಿಂದ ಹೇಳುತ್ತಾರೆ. ಅದೇ ನಾಯಿ ಓಣಿಯ ಹುಡುಗನ ಕಾಲಿಗೆ ಬಾಯಿ ಹಾಕಿದ ದಿನ ಹೋಗಿ ಕೇಳಿ ನೋಡಿ. "ನಮ್ದಲ್ರಿ, ಬೀದಿ ನಾಯಿ, ಎಲ್ಲಿಂದಲೋ ಬಂದು ಇಲ್ಲಿ ಬೀಳ್ತೈತಿ" ಎನ್ನುತ್ತಾರೆ. ಅನ್ನ ಹಾಕುವಾಗ ನಮ್ಮದು, ಕಚ್ಚಿದಾಗ ಊರದು.

ಇದನ್ನು ಇನ್ನೊಬ್ಬರ ತಪ್ಪೆಂದು ಬರೆಯುತ್ತಿಲ್ಲ. ಈ ಮಾತನ್ನು ನಾನೇ ಆಡಿದ್ದೇನೆ.

ಹಿಂದೆ ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ ಕಂದು ಬಣ್ಣದ ನಾಯಿಯೊಂದು ತಾನಾಗಿ ಬಂದು ಸೇರಿಕೊಂಡಿತು. ನನ್ನ ತಟ್ಟೆಯಲ್ಲಿ ಉಳಿದದ್ದನ್ನು ಹಾಕುತ್ತಿದ್ದೆ. ಸಂಜೆ ಜಪಸರ ಹಿಡಿದು ಅಡ್ಡಾಡುವಾಗ ಹಿಂದೆ ಹಿಂದೆ ಬರುತ್ತಿತ್ತು. ಅಡುಗೆಯ ಅಮ್ಮ ಎರಡು ಸಲ ಹೇಳಿದರು: "ಫಾದರ್, ಅದು ಹುಡುಗ್ರ ಮೈಮ್ಯಾಲೆ ಹೋಗಾಕತ್ತೈತಿ, ಕಟ್ಟಿ ಹಾಕ್ರಿ." ನಾನು ನಕ್ಕು ಸುಮ್ಮನಾದೆ. ತಿಂಗಳೊಳಗೆ, ಚೆಂಡು ಹುಡುಕಿಕೊಂಡು ಆವರಣಕ್ಕೆ ಬಂದ ಆರೇಳು ವರ್ಷದ ಹುಡುಗನ ಮೀನಖಂಡಕ್ಕೆ ಅದು ಕಚ್ಚಿತು. ತಾಯಿ ಓಡಿ ಬಂದಳು, ಕೂಲಿ ಮಾಡಿ ಬದುಕುವ ಹೆಣ್ಣುಮಗಳು. ನನ್ನ ಬಾಯಿಂದ ಬಂದ ಮೊದಲ ಮಾತು: "ಅದು ನಮ್ಮ ನಾಯಿಯಲ್ಲಮ್ಮ, ಬೀದಿಯದು." ಅಡುಗೆಯ ಅಮ್ಮ ಬಾಗಿಲಲ್ಲಿ ನಿಂತಿದ್ದರು, ಏನೂ ಹೇಳಲಿಲ್ಲ.

ಗಾಯವನ್ನು ಸೋಪು ಹಚ್ಚಿ ತೊಳೆದು ಸರ್ಕಾರಿ ಆಸ್ಪತ್ರೆಗೆ ಕಳುಹಿಸಿದೆವು. (ನಮ್ಮ ಕಡೆ ಸುಣ್ಣ, ಖಾರದ ಪುಡಿ ಹಚ್ಚುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಹರಿಯುವ ನೀರಿನಲ್ಲಿ ಸೋಪಿನಿಂದ 15 ನಿಮಿಷ ತೊಳೆದು ಆ ದಿನವೇ ಲಸಿಕೆ ಹಾಕಿಸಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು.) ಲಸಿಕೆಗೆ ಹಣ ಕೊಡಬೇಕಾಗಿರಲಿಲ್ಲ. ಆದರೆ ಅದು ಒಂದೇ ದಿನಕ್ಕೆ ಮುಗಿಯುವುದಿಲ್ಲ. ಮೊದಲ ದಿನ, ಆಮೇಲೆ 3ನೆಯ, 7ನೆಯ, 28ನೆಯ ದಿನ ಹೋಗಬೇಕು. ನಾಲ್ಕು ಸಲ ಬಸ್ಸು, ನಾಲ್ಕು ದಿನದ ಕೂಲಿ ಖೋತಾ. ನಾನು ಒಂದು ಸಲದ ಬಸ್ ಚಾರ್ಜು ಕೊಟ್ಟು ದಾನ ಮಾಡಿದವನಂತೆ ಸಮಾಧಾನಪಟ್ಟುಕೊಂಡೆ.

ವಿಮೋಚನಕಾಂಡದ 21ನೆಯ ಅಧ್ಯಾಯವನ್ನು ಗುರುಮಠದಲ್ಲಿ ಪರೀಕ್ಷೆಗೆಂದು ಓದಿದ್ದೆ. ಈ ಘಟನೆಯ ಬಳಿಕ ಒಂದು ರಾತ್ರಿ ಮತ್ತೆ ತೆರೆದೆ. ಹತ್ತು ಕಟ್ಟಳೆಗಳು ಬಂದ ಮರು ಅಧ್ಯಾಯದಲ್ಲೇ ಎತ್ತಿನ ಮಾತು ಬರುತ್ತದೆ. ಒಬ್ಬನ ಎತ್ತು ಮನುಷ್ಯನನ್ನು ಹಾಯ್ದು ಕೊಂದರೆ ಎತ್ತಿಗೆ ಸಾವು, ಯಜಮಾನ ನಿರ್ದೋಷಿ. ಆದರೆ ಆ ಎತ್ತು ಮೊದಲಿನಿಂದ ಹಾಯುವಂಥದ್ದಾಗಿದ್ದು, ಜನ ಯಜಮಾನನನ್ನು ಎಚ್ಚರಿಸಿದ್ದರೂ ಅವನು ಕಟ್ಟದೆ ಬಿಟ್ಟಿದ್ದರೆ ಅವನೂ ಮರಣದಂಡನೆಗೆ ಗುರಿ. ಇಲ್ಲವೇ ವಿಧಿಸಿದಷ್ಟು ಈಡು ಕೊಟ್ಟು ಪ್ರಾಣ ಉಳಿಸಿಕೊಳ್ಳಬೇಕು. ಎರಡು ಕಡೆಯೂ ಎತ್ತು ಅದೇ, ಸಾವೂ ಅದೇ. ನಡುವೆ ಬಂದದ್ದು ನೆರೆಯವನ ಒಂದು ಮಾತು ಮಾತ್ರ: "ನಿನ್ನ ಎತ್ತು ಹಾಯುತ್ತದೆ, ಕಟ್ಟು." ನನಗೆ ಆ ಮಾತನ್ನು ಎರಡು ಸಲ ಹೇಳಲಾಗಿತ್ತು.

ಅದೇ ಅಧ್ಯಾಯದ ಕೊನೆಯಲ್ಲಿ ಇನ್ನೊಂದು ನ್ಯಾಯವಿದೆ. ಒಬ್ಬನ ಎತ್ತು ಇನ್ನೊಬ್ಬನ ಎತ್ತನ್ನು ಹಾಯ್ದು ಕೊಂದರೆ, ಬದುಕಿರುವ ಎತ್ತನ್ನು ಮಾರಿ ಹಣವನ್ನು ಇಬ್ಬರೂ ಹಂಚಿಕೊಳ್ಳಬೇಕು, ಸತ್ತದ್ದನ್ನೂ ಹಂಚಿಕೊಳ್ಳಬೇಕು. ಹಾಯುವ ಎತ್ತೆಂದು ಮೊದಲೇ ಗೊತ್ತಿದ್ದರೆ ಹಂಚಿಕೆಯ ಮಾತಿಲ್ಲ. ಎತ್ತಿಗೆ ಎತ್ತು ಕೊಡಲೇಬೇಕು. ಅಂದರೆ ಯಾರ ತಪ್ಪೂ ಇಲ್ಲದೆ ಬಂದ ನಷ್ಟವನ್ನು ಹಂಚಿಕೊಳ್ಳಬಹುದು. ಗೊತ್ತಿದ್ದೂ ಆಗಗೊಟ್ಟ ನಷ್ಟ ಒಬ್ಬನದೇ.

ವಿಮೆ ಎಂಬುದನ್ನು ನಾನು ಈ ದೃಷ್ಟಿಯಿಂದ ನೋಡುತ್ತೇನೆ. ಮಳೆ ಕೈಕೊಟ್ಟ ವರ್ಷ, ಸಾಲ ತಂದು ಕೊಂಡ ಎಮ್ಮೆ ರೋಗ ಬಂದು ಸತ್ತರೆ ಮನೆಯೇ ಕುಸಿಯುತ್ತದೆ. ಹತ್ತಾರು ಸಾವಿರ ರೈತರು ಸ್ವಲ್ಪ ಸ್ವಲ್ಪ ಕಂತು ಕಟ್ಟಿ, ಆ ಒಬ್ಬನ ನಷ್ಟವನ್ನು ಎಲ್ಲರೂ ಹೊರುತ್ತಾರೆ. ಇದು ಒಳ್ಳೆಯ ಕೆಲಸ, ನೆರೆಪ್ರೀತಿಯ ಒಂದು ರೂಪ ಎಂದರೂ ತಪ್ಪಲ್ಲ. ಕೇಂದ್ರ ಸರ್ಕಾರ 2024ರಲ್ಲಿ ರಾಷ್ಟ್ರೀಯ ಜಾನುವಾರು ಮಿಷನ್ನಿನ ವಿಮಾ ನಿಯಮಗಳನ್ನು ಬದಲಿಸಿ, ಕಂತಿನಲ್ಲಿ ಸಾಕುವವರ ಪಾಲನ್ನು ಶೇಕಡಾ 15ಕ್ಕೆ ಇಳಿಸಿತು. ಉಳಿದ 85ನ್ನು ಕೇಂದ್ರ ಮತ್ತು ರಾಜ್ಯ 60:40ರ ಪ್ರಮಾಣದಲ್ಲಿ ಭರಿಸಬೇಕು. ರಾಸಿನ ಕಿವಿಗೆ ಹನ್ನೆರಡು ಅಂಕಿಯ ಓಲೆ ಹಾಕಿರುತ್ತಾರೆ. ರಾಸು ಸತ್ತರೆ ಕೂಡಲೇ ತಿಳಿಸಬೇಕು, ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಬೇಕು, ಆ ಓಲೆಯನ್ನು ತೋರಿಸಬೇಕು. ಓಲೆ ಇಲ್ಲದಿದ್ದರೆ ಹಣ ಇಲ್ಲ. ಓಲೆ ಕಳೆದುಹೋದರೆ ಅಂದೇ ಪಶು ಆಸ್ಪತ್ರೆಗೆ ಹೇಳಿ ಹೊಸದು ಹಾಕಿಸಿಕೊಳ್ಳಿ.

ಒಂದು ಮಾತನ್ನು ಬಾಯಿಬಿಟ್ಟು ಹೇಳಬೇಕಾಗಿದೆ. ವಿಮೆ ಇರುವ ರಾಸಿನ ಓಲೆಯನ್ನು ಬಿಚ್ಚಿ, ಸತ್ತ ಬೇರೆ ರಾಸಿನ ಕಿವಿಗೆ ಚುಚ್ಚಿ ಹಣ ಪಡೆಯುವುದು ಜಾಣತನವಲ್ಲ, ಕಳ್ಳತನ. "ಕಂಪನಿ ದುಡ್ಡು, ಯಾರಿಗೇನು ನಷ್ಟ?" ಎನ್ನುತ್ತಾರೆ. ಆ ದುಡ್ಡು ಇನ್ನೊಬ್ಬ ರೈತ ಕಟ್ಟಿದ ಕಂತು, ನಾವೆಲ್ಲ ಕೊಟ್ಟ ತೆರಿಗೆ. ಪಾಪನಿವೇದನೆಯಲ್ಲಿ ಹೇಳಿಕೊಂಡರೆ ಸಾಲದು, ಹಿಂದಿರುಗಿಸುವ ಬಾಧ್ಯತೆ ಉಳಿಯುತ್ತದೆ.

ಇನ್ನು ಈ ವಿಮೆ ಏನು ಮಾಡುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ನಿಮ್ಮ ಎತ್ತು ಸತ್ತರೆ ನಿಮಗೆ ಹಣ ಬರುತ್ತದೆ. ನಿಮ್ಮ ಎತ್ತು ಇನ್ನೊಬ್ಬರನ್ನು ಹಾಯ್ದರೆ ಅವರಿಗೆ ಬಿಡಿಗಾಸೂ ಬರುವುದಿಲ್ಲ. ಯಜಮಾನನ ನಿರ್ಲಕ್ಷ್ಯದಿಂದ ರಾಸು ಸತ್ತಿದ್ದರೆ ಅವನಿಗೂ ಹಣ ನಿರಾಕರಿಸಬಹುದು. ಬೆಂಗಳೂರಿನಂಥ ಊರುಗಳಲ್ಲಿ ಸಾಕುನಾಯಿಗೂ ವಿಮೆ ಮಾಡಿಸುತ್ತಾರೆ. ಅಂಥ ಕೆಲವು ಪಾಲಿಸಿಗಳಲ್ಲಿ ನಾಯಿ ಯಾರನ್ನಾದರೂ ಕಚ್ಚಿದರೆ ಕೊಡಬೇಕಾದ ಪರಿಹಾರವೂ ಸೇರಿರುತ್ತದೆ. "ನಾಯಿಗೂ ವಿಮೆಯೇ?" ಎಂದು ನಮ್ಮ ಹಿರಿಯರು ನಗಬಹುದು. ಬಡವರ ಪಾಲಿಗೆ ಸೇರಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯಬಾರದೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಎಚ್ಚರಿಸುತ್ತದೆ. ಆದರೆ ಕಚ್ಚಿಸಿಕೊಂಡವನಿಗೆ ಪರಿಹಾರ ಕೊಡಲು ಮೊದಲೇ ಹಣ ತೆಗೆದಿಟ್ಟವನನ್ನು ಕಂಡು ನಗಲು ನನಗಂತೂ ಮನಸ್ಸಿಲ್ಲ. ಅವನು ವಿಮೆ ಇದೆಯೆಂದು ಸರಪಳಿ ಬಿಚ್ಚಿದರೆ ಮಾತ್ರ ನನ್ನ ತಕರಾರು.

ಕಾನೂನೂ ಇಲ್ಲಿ ವಿಮೋಚನಕಾಂಡದ ಹತ್ತಿರವೇ ನಡೆಯುತ್ತದೆ. 1860ರ ದಂಡಸಂಹಿತೆಯ 289ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಾಗಿದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವೋ ತೀವ್ರ ಗಾಯವೋ ಆಗುವ ಸಂಭವವಿದ್ದು, ಗೊತ್ತಿದ್ದೋ ಅಲಕ್ಷ್ಯದಿಂದಲೋ ತಕ್ಕ ಎಚ್ಚರಿಕೆ ವಹಿಸದವನಿಗೆ ಆರು ತಿಂಗಳವರೆಗೆ ಸೆರೆಮನೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಮನಿಸಿ, "ವಶದಲ್ಲಿರುವ" ಎನ್ನುತ್ತದೆ ಕಾನೂನು. ರಸೀದಿ ತೋರಿಸಿ ಕೊಂಡದ್ದಾಗಿರಬೇಕೆಂದು ಹೇಳುವುದಿಲ್ಲ. ಈ ಸೆರೆಗೂ ದಂಡಕ್ಕೂ ಯಾವ ವಿಮೆಯೂ ಇಲ್ಲ. ಸಾಕುಪ್ರಾಣಿಗೆ ಲಸಿಕೆ ಹಾಕಿಸುವುದು, ಸಂತಾನಹರಣ ಮಾಡಿಸುವುದು ಸಾಕಿದವರದೇ ಹೊಣೆಯೆಂದು 2023ರ ಕೇಂದ್ರದ ನಿಯಮಗಳು ಹೇಳುತ್ತವೆ. ಬೇಡವಾದ ನಾಯಿಯನ್ನು ಚೀಲದಲ್ಲಿ ಕಟ್ಟಿ ರಾತ್ರಿ ಪಕ್ಕದೂರಿನ ಹೊರಗೆ ಬಿಟ್ಟು ಬರುವ ನಮ್ಮ ಪದ್ಧತಿ ಇದೆಯಲ್ಲ, ಪ್ರಾಣಿಯನ್ನು ಹಾಗೆ ಹಸಿವು ನೀರಡಿಕೆಗೆ ತಳ್ಳುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಮೊದಲ ಸಲದ ದಂಡ ಹೆಚ್ಚೆಂದರೆ ಐವತ್ತು ರೂಪಾಯಿ. ದಂಡ ಚಿಕ್ಕದೆಂದು ತಪ್ಪೂ ಚಿಕ್ಕದೆ?

ಕೂಡ್ಲಿಗಿ ಸೀಮೆಯ ಮ್ಯಾಸ ನಾಯಕರಲ್ಲಿ ದೇವರ ಎತ್ತುಗಳಿರುವುದನ್ನು ನೀವು ಬಲ್ಲಿರಿ. ಅವು ಯಾರ ಸ್ವತ್ತೂ ಅಲ್ಲ, ದೇವರವು. ಹಾಗೆಂದು ಅವನ್ನು ಬೀದಿಗೆ ಬಿಟ್ಟಿಲ್ಲ. ಕಿಲಾರಿ ಎಂಬವನಿದ್ದಾನೆ, ಮೇಯಿಸುವುದು, ಕಾಯುವುದು ಅವನ ಕರ್ತವ್ಯ. ಒಡೆಯನಲ್ಲದಿದ್ದರೂ ಹೊಣೆಗಾರ. ನಾವಾದರೋ ನೂರು ರೂಪಾಯಿಯ ನಾಯಿಮರಿಗೆ ಒಡೆಯರಾಗಲು ಸಿದ್ಧ, ಕಿಲಾರಿಯಾಗಲು ಸಿದ್ಧರಿಲ್ಲ.

ಇನ್ನೊಬ್ಬರಿಂದ ಏನನ್ನೂ ತೆಗೆದುಕೊಳ್ಳದಿದ್ದರೂ, ನಷ್ಟಕ್ಕೆ ಕಾರಣನಾದವನು ಅದನ್ನು ತುಂಬಿಕೊಡಬೇಕೆಂದು ಸಂತ ಥಾಮಸ್ ಅಕ್ವಿನಾಸರು ಕಲಿಸುತ್ತಾರೆ. ನನ್ನ ಬಸ್ ಚಾರ್ಜು ದಾನವಲ್ಲ, ಸಾಲದ ಒಂದು ಚಿಕ್ಕ ಕಂತು ಎಂಬುದು ಅರ್ಥವಾಗಲು ನನಗೆ ಮೂರು ವಾರ ಬೇಕಾಯಿತು. ನಾಲ್ಕು ದಿನದ ಕೂಲಿ ಲೆಕ್ಕ ಹಾಕಿಕೊಂಡು ಆ ತಾಯಿಯ ಮನೆಗೆ ಹೋದೆ. ಕೊಡುವುದು ಕಷ್ಟವಾಗಲಿಲ್ಲ. "ಆ ನಾಯಿ ನನ್ನದೇ ಅಮ್ಮ, ಅವತ್ತು ಸುಳ್ಳು ಹೇಳಿದೆ" ಎನ್ನುವುದು ಕಷ್ಟವಾಯಿತು.

ಆಕೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, "ನಮಗ ಗೊತ್ತಿತ್ರಿ ಫಾದರ್, ಊರಿಗೆಲ್ಲಾ ಗೊತ್ತೈತಿ" ಎಂದಳು. ಹಣ ತೆಗೆದುಕೊಂಡು ಎಣಿಸಿದಳು. ಆಮೇಲೆ ಕೇಳಿದಳು: "ಈಗರೆ ಕಟ್ಟೀರೇನ್ರಿ?"